ಅಕ್ಕನ ಮಾತಿಗೆ ಭೂಮಿ ಸುತ್ತಿದ ಗೂಲ್ವೆನ್

ಗೂಲ್ವೆನ್ ಹುಟ್ಟಿದ ದ್ವೀಪ ಅವನ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತಿತ್ತು. ಫ್ರಾನ್ಸಿನ ಬ್ರೆಟನ್ ಕರಾವಳಿಯಲ್ಲಿ ಅವನಿದ್ದ ಬಂದರಿನಿಂದ ಫೆರ್ರಿ ಹತ್ತಿದರೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಚೆ ದಡ. ಅಷ್ಟು ದೂರ ಹೋಗುವುದಕ್ಕೆ ಈ ಮಹಾಶಯ ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳ ಕೆಳಗಿನಿಂದ ಸುತ್ತು ಹಾಕಿಕೊಂಡು ಹೋದ. ತಲೆ ಕೆಟ್ಟಿತ್ತೇ ಎಂದರೆ, ಇಲ್ಲ. ಅಕ್ಕ ಹೇಳಿದ್ದಳು, ಹೋದ.

ಬಂದರಿನಲ್ಲಿ ಹಾಯಿ ಹೊಲಿಯುವುದು ಅವನ ಕಸುಬು. ಹೆಂಡತಿ ತೀರಿಕೊಂಡ ಮೇಲೆ ಒಂಟಿ. ಪ್ರತಿವರ್ಷ ಸತ್ತವರ ಹಬ್ಬದ ದಿನ ಅಕ್ಕ ಸ್ವಾಜಿಗ್ ತನ್ನ ಏಡಿ ಹಿಡಿಯುವ ದೋಣಿಯಲ್ಲಿ ಬಂದು ಅವನನ್ನು ದ್ವೀಪಕ್ಕೆ ಕರೆದೊಯ್ಯುತ್ತಿದ್ದಳು. ಅವ್ವನ ಸಮಾಧಿಗೆ ಹೂವಿಟ್ಟು, ಹುಟ್ಟಿದ ಮನೆಯಲ್ಲಿ ಇಬ್ಬರೂ ಊಟ ಮಾಡುತ್ತಿದ್ದರು. ಆ ವರ್ಷ ಅರ್ಧ ದಾರಿಯಲ್ಲಿ ಅವನಿಗೆ ಹಸಿವಾಯಿತು.

“ಅಕ್ಕಾ, ಊಟಕ್ಕೆ ಮೊಲ ಮಾಡಿದ್ದೀಯಾ?” ಎಂದುಬಿಟ್ಟ.

ಆ ಸೀಮೆಯ ದೋಣಿಗಳ ಮೇಲೆ ಆ ಪ್ರಾಣಿಯ ಹೆಸರು ಎತ್ತಬಾರದು. ಎತ್ತಿದರೆ ದೋಣಿ ಮುಳುಗುತ್ತದೆ. ತೀರಾ ಅಗತ್ಯ ಬಿದ್ದರೆ ‘ಉದ್ದ ಕಿವಿಯವನು’ ಎನ್ನಬೇಕು. ಪ್ರವಾಸಿಗರು ಬಾಯಿಬಿಟ್ಟರೆ ಕ್ಷಮೆ ಉಂಟು, ಮೀನುಗಾರನ ಮಗನಿಗೆ ಇಲ್ಲ. ಸ್ವಾಜಿಗ್ ದೋಣಿ ತಿರುಗಿಸಿ, ಊರವರೆಲ್ಲ ನೋಡುತ್ತಿರುವಾಗ ಅವನನ್ನು ಹೊರಟ ಬಂದರಿನ ಕಟ್ಟೆಯ ಮೇಲೇ ಇಳಿಸಿದಳು.

“ಬಾಯಿ ತಪ್ಪಿ ಬಂತು ಅಕ್ಕಾ.”

“ಅರವತ್ತು ದಾಟಿದವನಿಗೆ ಬಾಯಿ ತಪ್ಪುತ್ತಾ? ಅಪ್ಪ ಇದ್ದಿದ್ರೆ ನಿನ್ನ ಅಲ್ಲೇ ನೀರಿಗೆ ತಳ್ತಿದ್ದ. ಹೋಗು, ಭೂಮಿ ಒಂದು ಸುತ್ತು ಹಾಕ್ಕೊಂಡು ಬಾ. ಆಮೇಲೆ ನಮ್ಮೂರಿಗೆ ಕಾಲಿಡು.”

ಆ ಮನೆತನದಲ್ಲಿ ಆಡಿದ ಮಾತು ಆಡಿದ್ದೇ. ಚರ್ಚಿನ ಗಂಟೆಯ ಸ್ವರ ಸರಿಯಾಗುವವರೆಗೂ ಪಾದ್ರಿಯ ಜೊತೆ ಮಾತಿಲ್ಲ ಎಂದಿದ್ದ ಅವರಪ್ಪ, ಸಾಯುವಾಗ ಪಾದ್ರಿಯ ಮುಂದೆ ಒಪ್ಪಿಕೊಳ್ಳಬೇಕಾದ ತನ್ನ ಪಾಪಗಳನ್ನು ಹೆಂಡತಿಯ ಬಾಯಲ್ಲಿ ಹೇಳಿ ಕಳಿಸಿದ್ದ. ಹೆಂಡತಿ ಒಂದೆರಡನ್ನು ತಾನೇ ಸೇರಿಸಿದಳು ಅಂತಲೂ ಮಾತಿದೆ.

“ಸುಮ್ನೆ ಶನಿವಾರ ಫೆರ್ರಿ ಹತ್ತೋ ಮಾರಾಯ,” ಎಂದರು ಬಾರಿನಲ್ಲಿ. “ಅಷ್ಟೊತ್ತಿಗೆ ಅವಳ ಕೋಪ ಇಳಿದಿರುತ್ತೆ.”

“ಫೆರ್ರಿ ಭೂಮಿ ಸುತ್ತಲ್ಲ,” ಎಂದ ಗೂಲ್ವೆನ್.

ಶನಿವಾರಕ್ಕೂ ಕಾಯದೆ ಗುರುವಾರವೇ ತನ್ನ ಪುಟ್ಟ ಹಾಯಿದೋಣಿಯಲ್ಲಿ ಹೊರಟೇಬಿಟ್ಟ. ಹೆಸರು, ಕೀರ್ತಿ ಯಾವುದೂ ಅವನಿಗೆ ಬೇಕಿರಲಿಲ್ಲ. ಆ ಮನೆಯಲ್ಲಿ ಅಕ್ಕನ ಎದುರು ಕೂತು ಮತ್ತೆ ಉಣ್ಣಬೇಕಿತ್ತು. ತನ್ನವರು ಅಂತ ಅವನಿಗೆ ಉಳಿದಿದ್ದವಳು ಅವಳೊಬ್ಬಳೇ. ತಪ್ಪು ತನ್ನೊಬ್ಬನದು, ಹಾಗಾಗಿ ಸುತ್ತುವುದೂ ತಾನೊಬ್ಬನೇ, ದಾರಿಯಲ್ಲಿ ಯಾರಿಂದಲೂ ಒಂದು ಚೂರು ಬ್ರೆಡ್ಡನ್ನೂ ಮುಟ್ಟುವುದಿಲ್ಲ ಎಂದು ತಾನೇ ನೇಮ ಹಾಕಿಕೊಂಡ.

ಆಫ್ರಿಕಾದ ತುದಿಯಲ್ಲಿ ಒಂದು ಹಡಗಿನವರು ರೇಡಿಯೋದಲ್ಲಿ, ಎಲ್ಲಿಗೆ ಪಯಣ ಎಂದು ಕೇಳಿದರು.

“ಹುಟ್ಟೂರಿಗೆ.”

“ಅದೆಲ್ಲಿದೆ?”

“ನಮ್ಮನೆ ಎದುರಿಗೆ.”

ಅವರು, ಡಾಕ್ಟರು ಬೇಕೇ ಎಂದು ವಿಚಾರಿಸಿದರು. ಆಸ್ಟ್ರೇಲಿಯಾದ ಕೆಳಗೆ ಇನ್ನೊಬ್ಬರು ಬಿಸಿ ಸೂಪು ಕೊಡಲು ಬಂದರೆ, ವಾಸನೆಗೆ ಆಸೆಯಾಗದಂತೆ ಮೂಗು ಮುಚ್ಚಿಕೊಂಡು ಬೇಡ ಎಂದ. ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರದಲ್ಲಿ ಹಾಯಿ ಉದ್ದಕ್ಕೂ ಸೀಳಿಹೋಯಿತು. ಮರಗಟ್ಟಿದ ಬೆರಳುಗಳಲ್ಲಿ ಅದನ್ನು ಹೊಲಿಯುತ್ತ, ಇಲ್ಲೇ ಸತ್ತರೆ ಅಕ್ಕನ ಮಾತು ಅರ್ಧಕ್ಕೆ ನಿಲ್ಲುತ್ತದಲ್ಲ ಎಂದು ಮಕ್ಕಳ ಹಾಗೆ ಅತ್ತ.

ಮಾರನೆಯ ವರ್ಷದ ಬೇಸಿಗೆಯ ಒಂದು ಮಧ್ಯಾಹ್ನ ದ್ವೀಪದ ಬಂದರಿನ ಬಾಯಿಗೆ ಬಂದು ಮುಟ್ಟಿದ. ಅಲ್ಲಿ ಗಾಳಿ ಕೈಕೊಟ್ಟಿತು. ಕಡಲಿನ ಇಳಿತ ಶುರುವಾಗಿ ನೀರು ದೋಣಿಯನ್ನು ನಿಧಾನಕ್ಕೆ ಹಿಂದೆ ಎಳೆಯತೊಡಗಿತು. ದೂರದಿಂದಲೇ ಅವನ ಹಾಯಿ ಕಂಡು ಕಟ್ಟೆಯ ಮೇಲೆ ಇಡೀ ಊರು ನೆರೆದಿತ್ತು. ಎಲ್ಲರ ಮುಂದೆ ಸ್ವಾಜಿಗ್, ಕೈಯಲ್ಲಿ ಹಗ್ಗದ ಸುರುಳಿ. ಬೀಸಿ ಎಸೆದಳು. ಹಗ್ಗ ಅವನ ಕಾಲಬುಡಕ್ಕೇ ಬಿತ್ತು. ಗೂಲ್ವೆನ್ ಮುಟ್ಟಲಿಲ್ಲ.

“ಹಿಡ್ಕೊಳ್ಳೋ!”

“ಆಗಲ್ಲ ಅಕ್ಕಾ. ಸಹಾಯ ತಗೊಂಡ್ರೆ ಸುತ್ತು ಕೆಟ್ಟುಹೋಗುತ್ತೆ. ಗಾಳಿ ಬರೋವರೆಗೆ ಕಾಯ್ತೀನಿ.”

“ನೀರು ನಿನ್ನ ಮತ್ತೆ ಅಮೆರಿಕಕ್ಕೆ ಎಳ್ಕೊಂಡು ಹೋಗ್ತಿದೆ. ಕಾಯ್ತಾನಂತೆ.”

“ನೀನು ಹೇಳಿದ್ದನ್ನ ನಾನು ಒಬ್ಬನೇ ಮಾಡಿ ಮುಗಿಸಬೇಕು.”

ಸ್ವಾಜಿಗ್ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡಳು. “ಆ ಶನಿವಾರ ಕೇಕು ಕಟ್ಕೊಂಡು ನಿಮ್ಮನೆಗೆ ಬಂದಿದ್ದೆ ಕಣೋ. ಬೀಗ ಹಾಕಿತ್ತು. ಎದುರುಮನೆಯವಳು, ನಿನ್ನ ತಮ್ಮ ಭೂಮಿ ಸುತ್ತೋಕೆ ಹೋದ ಅಂದ್ಲು. ಮೆಟ್ಟಿಲ ಮೇಲೆ ಕೂತು ಸಿಟ್ಟಿಗೆ ಅಷ್ಟೂ ಕೇಕು ನಾನೇ ತಿಂದೆ.”

“ಸುತ್ತಿ ಬಾ ಅಂದವಳು ನೀನೇ ಅಲ್ವಾ?”

“ಅಂದೆ. ಈ ಕಡಲಕಾಲುವೆ ಬಿಟ್ಟು ಎಪ್ಪತ್ತು ವರ್ಷದಲ್ಲಿ ಎಲ್ಲೂ ಹೋದವಳಲ್ಲ ನಾನು. ಏಡಿ ಬಿಟ್ಟು ಬೇರೇನೂ ಕಂಡಿಲ್ಲ.” ಅವಳು ಸೊಂಟದ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದಳು. “ಸುತ್ತಿ ಬಾ ಅಂದೆ. ಒಬ್ಬನೇ ಹೋಗು ಅಂದೆನಾ?”

ಗೂಲ್ವೆನ್ ಬಗ್ಗಿ ಹಗ್ಗ ಎತ್ತಿಕೊಂಡ.