ಬುಧವಾರದಕ್ಕನ ಮೊದಲ ಪಾಠ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದೆ. ನನ್ನ ಗಂಡ ಕಚೇರಿಯಲ್ಲಿ, ನಕ್ಷೆ ಬರೆಯುವ ಮೇಜಿನ ಮುಂದೆಯೇ ಹೃದಯ ನಿಂತು ತೀರಿಕೊಂಡು ಹನ್ನೊಂದು ದಿನವಾಗಿತ್ತು. ಮೂರು ವರ್ಷದ ಮಗಳಿಗೆ ಎಂದಿನಂತೆ ಹಸಿವಾಗಿತ್ತು. ನನಗೊಂದು ಸೀನು ಬಂತು. ಕಾಲ ಬಳಿ ನೆಲ ಒದ್ದೆಯಾಯಿತು. ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಬಟ್ಟೆ ಬದಲಾಯಿಸ್ಕೊ ಹೋಗು. ಹಾಲು ನಾನು ನೋಡ್ಕೋತೀನಿ.”

ನಾನು ನೆಲ ಒರೆಸುವ ಬಟ್ಟೆ ಎಳೆದುಕೊಂಡೆ.

“ಹೆರಿಗೆ ಆದಾಗಿಂದಾನಾ?”

“ಹೂಂ.”

“ಮೂರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ?”

“ಹೇಗೆ ಹೇಳ್ಲಿ ಅತ್ತೆ?”

“ಅದೂ ಸರಿ. ನಾನು ಹದಿನೈದು ವರ್ಷ ಹಾಕ್ಕೊಂಡಿದ್ದೆ. ನಾಳೆ ಬುಧವಾರ. ನನ್ನ ಜೊತೆ ಬಾ.”

ದೊಡ್ಡಾಸ್ಪತ್ರೆಯ ಮಹಿಳಾ ವಿಭಾಗದಲ್ಲಿ ಮೂವತ್ತೊಂದು ವರ್ಷ ಯೋಗಚಿಕಿತ್ಸಕಿಯಾಗಿದ್ದು ಈ ತಿಂಗಳು ನಿವೃತ್ತರಾಗುತ್ತಿರುವವರನ್ನು ಪಾಠ ನಡೆಯುವ ವಾರದ ಹೆಸರಿನಿಂದ ಹೆಂಗಸರು ಕರೆಯುವುದು ಬುಧವಾರದಕ್ಕ ಎಂದು. ಮೂತ್ರ ತಡೆಯಲಾಗದ ತೊಂದರೆಗೆ ಶಸ್ತ್ರಚಿಕಿತ್ಸೆ ಇಲ್ಲವೇ ಮೌನ, ಎರಡೇ ದಾರಿಯೆಂದು ನಂಬಿದ್ದ ಕಾಲದಲ್ಲಿ ಅವರು ಮೂರನೆಯದೊಂದು ದಾರಿಯನ್ನು ತಾಳ್ಮೆಯಿಂದ ಸವೆಸಿದರು. ಆದರೆ ಯೋಗ ಎಲ್ಲಕ್ಕೂ ಮದ್ದು ಎಂದು ಅವರು ಒಮ್ಮೆಯೂ ಹೇಳಿದ್ದಿಲ್ಲ. ಸೋಂಕು, ಸಕ್ಕರೆ ಕಾಯಿಲೆ, ಗರ್ಭಕೋಶ ಜಾರುವುದು ಇವನ್ನೆಲ್ಲ ವೈದ್ಯರು ನೋಡಿ ಚೀಟಿ ಬರೆದುಕೊಡದೆ ಅವರ ಚಾಪೆಯ ಮೇಲೆ ಯಾರಿಗೂ ಜಾಗವಿರಲಿಲ್ಲ.

ಆಡಳಿತದವರು ಮೊದಲಿಗೆ ಅವರಿಗೆ ಕೊಡಬಂದದ್ದು ಎರಡನೇ ಮಹಡಿಯ, ಹೊಳೆಯುವ ನೆಲದ ಸಭಾಂಗಣವನ್ನು. ಅದನ್ನು ಬೇಡವೆಂದು ಅವರು ಕೇಳಿ ಪಡೆದದ್ದು ಒಗೆದ ಬಟ್ಟೆ ಪೇರಿಸಿಡುತ್ತಿದ್ದ ನೆಲಮಹಡಿಯ ಇಕ್ಕಟ್ಟು ಕೋಣೆಯನ್ನು. ಅದಕ್ಕಿದ್ದ ಒಂದೇ ಗುಣ, ಬಾಗಿಲು ದಾಟಿದರೆ ನಾಲ್ಕು ಹೆಜ್ಜೆಗೆ ಶೌಚಾಲಯ. ಕಿಟಕಿಯ ಗಾಜಿಗೆ ಎದೆಮಟ್ಟದವರೆಗೆ ಬಿಳಿ ಬಣ್ಣ, ಹನ್ನೆರಡು ಚಾಪೆ, ಹನ್ನೆರಡು ಕುರ್ಚಿ, ಮೇಜಿನ ಮೇಲೆ ತುಂಬಿದ ನೀರಿನ ಜಗ್ಗು. ಸೋರೀತೆಂಬ ಭಯಕ್ಕೆ ನೀರು ಕುಡಿಯುವುದನ್ನೇ ಬಿಟ್ಟು ಬರುವವರಿಗೆ ಆ ಜಗ್ಗಿನಿಂದ ಮೊದಲ ಲೋಟವನ್ನು ಅವರೇ ಬಗ್ಗಿಸಿ ಕೊಡುತ್ತಿದ್ದರು.

ಹೊಸಬರು ಬಂದ ದಿನ ಅವರು ಯಾವ ಆಸನವನ್ನೂ ಕಲಿಸುವುದಿಲ್ಲ. ತಾವು ಮಾಡಿದ ಒಂದು ತಪ್ಪನ್ನು ಹೇಳುತ್ತಾರೆ. ಸೇವೆಯ ಮೂರನೇ ವರ್ಷದಲ್ಲಿ ಹೊಲಿಗೆಯವಳೊಬ್ಬಳು ಬಂದಳು. ಎಲ್ಲರಿಗೂ ಹೇಳುವಂತೆ ಅವಳಿಗೂ ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿಯಲು ಹೇಳಿಕೊಟ್ಟರು. ತೊಂದರೆ ಹೆಚ್ಚಿತು, ಇನ್ನಷ್ಟು ಮಾಡು ಎಂದರು. ಎರಡು ತಿಂಗಳಿಗೆ ಆಕೆ ಯಂತ್ರದ ಮುಂದೆ ಕೂರುವುದನ್ನೇ ಬಿಟ್ಟಳು. ಹಿರಿಯ ವೈದ್ಯೆಯೊಬ್ಬರು ಪರೀಕ್ಷಿಸಿದಾಗ ತಿಳಿದದ್ದು, ಆ ಸ್ನಾಯುಗಳು ಸಡಿಲವಾಗಿರಲೇ ಇಲ್ಲ, ಹಗಲಿಡೀ ಬಿಗಿದು ಬಿಗಿದು ಸೋತಿದ್ದವು. ಬುಧವಾರದಕ್ಕ ಆಕೆಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡು, ಮೊದಲಿನಿಂದ ಕಲಿಸಿದರು. ಆಕೆ ಮತ್ತೆ ಯಂತ್ರ ತುಳಿಯಲು ಏಳು ತಿಂಗಳು ಹಿಡಿಯಿತು.

“ಬಿಗಿ ಹಿಡಿಯೋದು ಹೆಂಗಸರಿಗೆ ಯಾರೂ ಕಲಿಸ್ಬೇಕಾಗಿಲ್ಲ. ಬಿಡೋದು ನನಗೇ ಗೊತ್ತಿರ್ಲಿಲ್ಲ,” ಎಂದು ಅವರು ಆ ಕಥೆ ಮುಗಿಸುತ್ತಾರೆ. ಮೂವತ್ತೊಂದು ವರ್ಷಗಳಲ್ಲಿ ಎಷ್ಟು ಸಲ ಹೇಳಿರಬಹುದು! ತನ್ನ ಸೋಲನ್ನು ಪಾಠಪಟ್ಟಿಯ ಮೊದಲಿಗಿಟ್ಟ ಅಧ್ಯಾಪಕರನ್ನು ವಿಶ್ವವಿದ್ಯಾಲಯದಲ್ಲೂ ನಾನು ಕಂಡಿರಲಿಲ್ಲ.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಹೆರಿಗೆಯ ನಂತರ ಒಂದು ಗಂಟೆ ನಿಂತು ಪಾಠ ಹೇಳುವುದು ಆಗದೆ, ಮೊದಲು ಕುಳಿತು ಹೇಳಿದೆ, ಆಮೇಲೆ ರಜೆ ಹಾಕಿದೆ. ರಜೆ ಮುಗಿಯಲು ಹದಿಮೂರು ವಾರ ಉಳಿದಿತ್ತು. ಮನೆಗೆ ಇನ್ನು ನನ್ನ ಸಂಬಳವೊಂದೇ ಆಧಾರ. ಆದರೂ ಬರೆದ ರಾಜೀನಾಮೆ ಕೈಚೀಲದಲ್ಲಿತ್ತು.

“ಚೀಲ ತಬ್ಕೊಂಡೇ ಮಲಗ್ತೀರಾ? ಏನಿದೆ ಅದ್ರಲ್ಲಿ?” ಎಂದು ಮೊದಲ ದಿನವೇ ಬುಧವಾರದಕ್ಕ ಕೇಳಿದರು.

“ರಾಜೀನಾಮೆ ಪತ್ರ.”

“ಯಾರಿಗೆ?”

“ಪ್ರಾಂಶುಪಾಲರಿಗೆ.”

“ಅವರು ಹನ್ನೆರಡು ವಾರ ಕಾಯ್ಲಿ. ನೀವು ಅಲ್ಲೀವರೆಗೆ ನನ್ನ ಹತ್ರ ಬನ್ನಿ.”

ಪಕ್ಕದ ಚಾಪೆಯ ಬಸ್ ಕಂಡಕ್ಟರಮ್ಮ ಕಿಸಕ್ಕನೆ ನಕ್ಕು ಕಾಲು ಹೆಣೆದುಕೊಂಡರು. “ಅಯ್ಯೋ, ನಗಿಸ್ಬೇಡಿ ಅಕ್ಕ! ನಗೋ ಪಾಠ ಎಂಟನೇ ವಾರಕ್ಕೆ ತಾನೇ?”

ವೈದ್ಯರ ಚೀಟಿಯ ಪ್ರಕಾರ ನಾನೂ ಬಿಗಿದು ಸೋತವರ ಪೈಕಿ. ಐದು ವಾರ ನನಗೆ ಬೇರೆ ಕೆಲಸವೇ ಇರಲಿಲ್ಲ. ಚಾಪೆಯ ಮೇಲೆ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು, ಉಸಿರು ಒಳಗೆ ಬಂದಾಗ ಹೊಟ್ಟೆಯಿಂದ ಕೆಳಗಿನದೆಲ್ಲ ಮೆತ್ತಗೆ ಇಳಿಯಲು ಬಿಡುವುದು. ಅವರು ಮಾತಾಡದೆ ಬಂದು ನನ್ನ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೋಗುತ್ತಿದ್ದರು. ನಾನದನ್ನು ಮತ್ತೆ ಕಟ್ಟಿದ್ದು ನನಗೇ ತಿಳಿಯುತ್ತಿರಲಿಲ್ಲ. ಐದನೇ ಬುಧವಾರ ನಾನು ಅಲ್ಲೇ ನಿದ್ದೆ ಹೋದೆ. ಅವರು ಉಳಿದವರ ಪಾಠವನ್ನು ಕೈಸನ್ನೆಯಲ್ಲೇ ಮುಗಿಸಿ, ಎಲ್ಲರನ್ನೂ ಸದ್ದಿಲ್ಲದೆ ಕಳಿಸಿ, ನನ್ನ ಪಾದಕ್ಕೊಂದು ಹೊದಿಕೆ ಹಾಕಿ ಕಾದಿದ್ದರು. ಎಚ್ಚರವಾದಾಗ ಮಧ್ಯಾಹ್ನವಾಗಿತ್ತು. ಗಂಡ ಹೋದ ಮೇಲೆ ಅಷ್ಟು ಹೊತ್ತು ಮಲಗಿದ್ದು ಅದೇ ಮೊದಲು. ಅವರ ಊಟದ ಡಬ್ಬಿ ಮೇಜಿನ ಮೇಲೆ ಮುಚ್ಚಿಯೇ ಇತ್ತು.

ಆರನೇ ವಾರದಿಂದ ಬಿಗಿ ಹಿಡಿಯುವುದನ್ನು ಕಲಿತೆ, ಬಿಡುವುದರ ಜೊತೆಗೆ. ಎಂಟನೇ ವಾರ ಸೀನಿಗೆ, ಕೆಮ್ಮಿಗೆ, ನಗುವಿಗೆ ಒಂದು ಕ್ಷಣ ಮುಂಚೆ ಸ್ನಾಯುಗಳನ್ನು ಎತ್ತಿಹಿಡಿಯುವುದು. ಪೂರ್ತಿ ವಾಸಿಯಾಯಿತೆಂದು ಬರೆದರೆ ಈ ಸಾಲಿಗೆ ಅವರೇ ಗೀಟು ಹಾಕಿಯಾರು. ಈಗಲೂ ನೆಗಡಿಯಾದ ದಿನ ಎಚ್ಚರ ಬೇಕು. ಆದರೆ ರಜೆ ಮುಗಿದ ಮರುದಿನ ಅರವತ್ತು ವಿದ್ಯಾರ್ಥಿಗಳ ಮುಂದೆ ಒಂದು ಗಂಟೆ ನಿಂತು, ಕರಿಹಲಗೆ ಎರಡು ಸಲ ತುಂಬಿಸಿ ಅಳಿಸಿದೆ. ಗಂಟೆ ಬಾರಿಸಿದಾಗಲೇ ನೆನಪಾದದ್ದು, ನಾನು ಬಾಗಿಲ ಕಡೆ ನೋಡಿಯೇ ಇರಲಿಲ್ಲವೆಂದು. ರಾಜೀನಾಮೆ ಚೀಲದಲ್ಲೇ ಮಡಿಕೆಗುಂಟ ಹರಿದುಹೋಯಿತು.

ನಿವೃತ್ತಿಯ ಬಳಿಕ ಬುಧವಾರದಕ್ಕ ಮನೆಮನೆಗೆ ಹೋಗಿ, ಆಸ್ಪತ್ರೆಗೆ ಬರಲಾಗದ ಮುದುಕಿಯರಿಗೆ ಕಲಿಸುವರಂತೆ. ಅವರ ಮೊಣಕಾಲುಗಳು ಅದಕ್ಕೆ ಒಪ್ಪಲಿ. ಅವರು ಬಹುಕಾಲ ಬಾಳಲಿ, ತಮ್ಮ ಊಟದ ಡಬ್ಬಿಯನ್ನು ಹೊತ್ತಿಗೆ ಸರಿಯಾಗಿ ತೆರೆಯುವಂತಾಗಲಿ.

ಹೋದ ವಾರ ಗಂಡನ ಕಚೇರಿಯವರು ಅವನ ಮೇಜಿನ ಸಾಮಾನುಗಳನ್ನು ಪೆಟ್ಟಿಗೆಯಲ್ಲಿ ಕಳಿಸಿಕೊಟ್ಟರು. ನಕ್ಷೆಯ ಪೆನ್ಸಿಲುಗಳ ಅಡಿಯಲ್ಲಿ, ಆಸನಗಳನ್ನು ಕೈಯಲ್ಲೇ ಬರೆದ ಒಂದು ಪುಸ್ತಕ. ಒಳರಟ್ಟಿಗೆ ಬುಧವಾರದಕ್ಕನ ಮೊಹರು. ನಿನ್ನೆ ಅದನ್ನು ಹಿಡಿದು ಅವರ ಬಳಿ ಹೋದೆ.

“ಹೌದು, ನಾನೇ ಎರವಲು ಕೊಟ್ಟಿದ್ದು. ತೀರಿಕೊಳ್ಳೋಕೆ ಒಂದು ತಿಂಗಳ ಮುಂಚೆ ಬಂದಿದ್ರು,” ಎಂದರು. “ಬಾಗಿಲಲ್ಲೇ ನಿಂತು, ‘ಅಮ್ಮನಿಗೆ ಬೇಕಿತ್ತು’ ಅಂದ್ರು. ನಿಮ್ಮತ್ತೆ ಗುಣವಾಗಿ ಆಗ್ಲೇ ಆರು ವರ್ಷ. ಪ್ರತಿ ವಾರ ಸುಮ್ನೆ ಹರಟೆಗೆ ಬರ್ತಿದ್ರು. ಗಂಡಸರು ಕೇಳ್ಕೊಂಡು ಬಂದದ್ದು ನನ್ನ ಸರ್ವೀಸಲ್ಲಿ ನಾಲ್ಕೇ ಸಲ. ನಾಲ್ಕೂ ಜನ ಅಮ್ಮನಿಗೇ ಅಂದ್ರು. ನಾನೂ ‘ಆಗ್ಲಿ’ ಅಂದೆ.”

“ನನಗೆ ಯಾಕೆ ಹೇಳ್ಲಿಲ್ಲ ನೀವು?”

“ಅವರೇ ಹೇಳೋಕೆ ದಾರಿ ಹುಡುಕ್ತಿದ್ರು. ನಾನು ಹೇಗೆ ಹೇಳ್ಲಿ?”

ಏಳನೇ ಪುಟದಲ್ಲಿ, ಕುರ್ಚಿಯ ಮೇಲೆ ಕಾಲಿಟ್ಟು ಮಲಗಿದ ಹೆಂಗಸಿನ ಚಿತ್ರದ ಕೆಳಗೆ, ಅವನ ಸಣ್ಣ ನೆಟ್ಟನೆಯ ಅಕ್ಷರಗಳಲ್ಲಿ ಪೆನ್ಸಿಲಿನ ಒಂದು ಸಾಲಿತ್ತು: ‘ಕುರ್ಚಿಯ ಎತ್ತರ ಹದಿನಾರು ಅಂಗುಲ ಇರಬೇಕು, ನಮ್ಮದು ಹದಿನೆಂಟು, ಅದರ ಕಾಲು ಕೊಯ್ಯಬೇಕು.’

“ಅಳಿಸಿ ಕೊಡ್ಲಾ?” ಎಂದೆ.

“ಬೇಡ. ನಿಮ್ಮ ಹಾಗೆ ಗಿಡ್ಡ ಇರೋರಿಗೆ ಎಷ್ಟು ಎತ್ತರ ಅಂತ ಇಷ್ಟು ವರ್ಷ ನಾನೇ ಬರೆದಿಟ್ಟಿರ್ಲಿಲ್ಲ.”

ಇನ್ನೊಂದು ಸಲ ಆ ಸಾಲನ್ನು ಓದಿ, ಪುಸ್ತಕವನ್ನು ಅವರ ಕೈಗೆ ಕೊಟ್ಟೆ.