ನಾಲಿಗೆಯಮ್ಮನ ಐದು ಬಾವಿಗಳು

ದ್ವೀಪದಲ್ಲಿ ಐದು ಬಾವಿಗಳಿದ್ದವು. ಅವುಗಳ ನೀರು ಕುಡಿಯಬಹುದೋ ಬಾರದೋ ಎಂದು ಹೇಳಲು ಒಂದೇ ಒಂದು ನಾಲಿಗೆಯಿತ್ತು, ಒಬ್ಬ ಹೆಂಗಸಿನದು. ಮೂವತ್ತೆಂಟು ವರ್ಷಗಳಿಂದ ಬೆಳಗಾದರೆ ಬಾವಿಗೊಂದು ಗುಟುಕು ಸವಿದು, ಸಿಹಿಯಾಗಿದ್ದರೆ ರಾಟೆಗೆ ಬಿಳಿ ಬಟ್ಟೆ, ಉಪ್ಪಾಗಿದ್ದರೆ ಕೆಂಪು ಬಟ್ಟೆ ಕಟ್ಟುವುದು ಆಕೆಯ ಕೆಲಸ. ಸರ್ಕಾರಿ ಕಚೇರಿಯವರು ಕೊಟ್ಟ ಉಪ್ಪು ಅಳೆಯುವ ಯಂತ್ರ ಮೊದಲ ವರ್ಷವೇ ತುಕ್ಕು ಹಿಡಿದು ಮೂಲೆ ಸೇರಿತ್ತು. ಜನ ಆಕೆಯನ್ನು ನಾಲಿಗೆಯಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕಂತೆ ಮಾತೂ ಖಾರವೇ.

ಅಲ್ಲಿ ಬಿದ್ದ ಮಳೆನೀರು ನೆಲದಡಿ ಸಮುದ್ರದ ನೀರಿನ ಮೇಲೆ ಹಾಲಿನ ಕೆನೆಯಂತೆ ತೆಳ್ಳಗೆ ತೇಲುತ್ತಿತ್ತು. ಇಡೀ ದ್ವೀಪ ಬದುಕಿದ್ದೇ ಆ ಕೆನೆಯ ಮೇಲೆ. ಸಮುದ್ರ ಏರುತ್ತಿದೆ ಎಂದು ರೇಡಿಯೋ ಹೇಳಿದಾಗ ಜನ ದಡಕ್ಕೆ ಕಲ್ಲು ಪೇರಿಸಿ ನಿಶ್ಚಿಂತರಾದರು. ಅದು ಕೆಳಗಿನಿಂದಲೂ ಬರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಸಮುದ್ರದ ಉಬ್ಬರದ ಹೊತ್ತಿಗೆ ಬಾವಿಕಟ್ಟೆಗೆ ಕಿವಿಗೊಟ್ಟರೆ ಒಳಗೆ ಯಾರೋ ಉಸಿರೆಳೆದುಕೊಂಡಂಥ ಸದ್ದು. ನಾಲಿಗೆಯಮ್ಮ ಅದನ್ನು ಕೇಳಿದ್ದಳು, ಹೇಳಿರಲಿಲ್ಲ.

ಎರಡು ವರ್ಷದಿಂದ ಕೆಂಪು ಬಟ್ಟೆ ಪೆಟ್ಟಿಗೆಯಿಂದ ಹೊರಬಂದಿರಲಿಲ್ಲ. ಆಕೆಗೆ ಅದೇ ಜಂಭ.

ಆಕೆಯ ಎಂಟು ತಿಂಗಳ ಬಸುರಿ ಮಗಳ ಕಾಲು ಊದಿಕೊಂಡಿತು. ಹದಿನೈದು ದಿನಕ್ಕೊಮ್ಮೆ ದೋಣಿಯಲ್ಲಿ ಬರುವ ನರ್ಸ್ ರಕ್ತದೊತ್ತಡ ನೋಡಿ ಹುಬ್ಬು ಗಂಟಿಕ್ಕಿದಳು.

"ಹೀಗೇ ಬಿಟ್ರೆ ಮಗು ಉಳಿಯಲ್ಲ. ಉಪ್ಪು ಜಾಸ್ತಿ ತಿಂತೀಯೇನಮ್ಮ?"

"ಇಲ್ಲ ಸಿಸ್ಟರ್. ಅಮ್ಮ ಅಡುಗೆಗೆ ಉಪ್ಪು ಹಾಕೋದೇ ಬಿಟ್ಟಿದಾಳೆ. ಹಾಕದಿದ್ರೂ ಸರಿಯಾಗೇ ಇರುತ್ತೆ."

ನರ್ಸ್ ಕೊಡದಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡವಳು ಕಿಟಕಿಯಾಚೆ ಉಗಿದುಬಿಟ್ಟಳು.

"ನಮ್ಮ ನೀರು ನಿಂಗೆ ಒಗ್ಗಲ್ಲ, ಅಷ್ಟೇ," ಎಂದಳು ನಾಲಿಗೆಯಮ್ಮ.

ನರ್ಸ್ ತನ್ನ ಬಾಟಲಿಯ ನೀರನ್ನು ಮಗಳಿಗೆ ಕೊಟ್ಟಳು. ಮಗಳು ಕುಡಿದು ಮುಖ ಹಿಂಡಿದಳು. "ಇದೇನಮ್ಮ, ಇಷ್ಟು ಸಪ್ಪೆ?"

ನಾಲಿಗೆಯಮ್ಮ ಎದ್ದಳು. ಬರಿಗಾಲಲ್ಲೇ ದಡಕ್ಕೆ ನಡೆದು, ಸಮುದ್ರದ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡಳು. ಉಪ್ಪಿನ ರುಚಿಗಾಗಿ ಕಾದಳು, ಬರಲಿಲ್ಲ. ಉಗಿಯಬೇಕೆಂದು ನೆನಪಾಗುವಷ್ಟರಲ್ಲಿ ನುಂಗಿಯಾಗಿತ್ತು. ಹುಟ್ಟದ ಮೊಮ್ಮಗುವಿಗೆ ಇಷ್ಟು ದಿನ ತಾನೇ ಇದನ್ನು ಕುಡಿಸಿದ್ದಳು.

ಮಗಳನ್ನು ನರ್ಸ್ ಜೊತೆ ದೋಣಿ ಹತ್ತಿಸಿದಳು. ಇದ್ದ ಒಂದೇ ಕೆಂಪು ಬಟ್ಟೆಯನ್ನು ಐದು ತುಂಡಾಗಿ ಹರಿದು, ಒಂದೊಂದೇ ಬಾವಿಗೆ ಕಟ್ಟುತ್ತ ಬಂದಳು.

ಐದನೆಯದರ ಬಳಿ ನೆರೆಮನೆಯವಳು ಕೊಡ ತುಂಬಿಸಿಕೊಂಡು ನಿಂತಿದ್ದಳು. ಕೆಂಪು ಬಟ್ಟೆ ನೋಡಿ ನಕ್ಕಳು.

"ಯಾಕಕ್ಕ, ನೀರು ಸಿಹಿಯಾಗೇ ಇದೆಯಲ್ಲ. ಮಕ್ಕಳೆಲ್ಲ ಈಗಷ್ಟೇ ಕುಡಿದ್ರು."