ಮಗುಚಿದರೂ ಚೆಲ್ಲದ ರಕ್ತ

ಅರವತ್ತರ ದಶಕದಲ್ಲಿ ನಾನು ತೀರ್ಥಹಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ರಿಪ್ಪನ್‌ಪೇಟೆ ಕಡೆಯ ಬಾಣಂತಿಯೊಬ್ಬಳನ್ನು ಅವಳ ಅತ್ತೆ ಕರೆತಂದರು. ಮೈತುಂಬ ನೇರಳೆ ಹಣ್ಣಿನ ಬಣ್ಣದ ಕಲೆ. ಒಸಡಿನ ರಕ್ತ ನಿಲ್ಲುತ್ತಲೇ ಇರಲಿಲ್ಲ. ಬಾಣಂತಿಗೆ ಎಣ್ಣೆ ತಿಕ್ಕಿ ನೀರೆರೆಯುವ ಹೆಂಗಸನ್ನೂ ಅತ್ತೆ ಕಳ್ಳಿಯನ್ನು ಹಿಡಿದು ತಂದ ಹಾಗೆ ಜೊತೆಗೇ ಎಳೆತಂದಿದ್ದರು.

“ಇವ್ಳ ಕೈ ನೋಡಿ ಡಾಕ್ಟ್ರೇ, ಒನಕೆ. ಸೊಸೇನ ಭತ್ತ ಕುಟ್ಟಿದ ಹಾಗೆ ಕುಟ್ಟಿದಾಳೆ.”

“ನಿಮ್ಮ ನಾಕು ಬಾಣಂತನಕ್ಕೂ ಇದೇ ಕೈ ಅಮ್ಮಾ. ನಿಮ್ಗೆ ಎಂತ ಆಯ್ತು? ಬಾಯಿ ಸೈತ ಸೊರಗ್ಲಿಲ್ಲ.”

ಡಾಕ್ಟರು ಬಾಣಂತಿಯ ರಕ್ತ ತೆಗೆದು ಗಾಜಿನ ನಳಿಗೆಗೆ ಹಾಕಿದರು. ಸೂಜಿ ಚುಚ್ಚಿದ ಜಾಗವನ್ನು ಆಯಾ ಅರ್ಧ ಗಂಟೆ ಒತ್ತಿ ಹಿಡಿಯಬೇಕಾಯಿತು. ನಳಿಗೆಯನ್ನು ಬೆಚ್ಚಗಿನ ನೀರಿನಲ್ಲಿಟ್ಟು, ಗಡಿಯಾರ ನೋಡಿ ಅರ್ಧ ನಿಮಿಷಕ್ಕೊಮ್ಮೆ ವಾಲಿಸುವುದು ನನ್ನ ಕೆಲಸ. ಆರೋಗ್ಯವಂತರ ರಕ್ತ ಹತ್ತು ನಿಮಿಷದೊಳಗೆ ಹೆಪ್ಪುಗಟ್ಟುತ್ತದೆ. ಇವಳದು ಮುಕ್ಕಾಲು ಗಂಟೆಯಾದರೂ ನೀರು.

ಇವಳದರ ಜೊತೆ ಬೆರೆಸಿ ನೋಡಲು ಆರೋಗ್ಯವಂತರೊಬ್ಬರ ರಕ್ತ ಬೇಕಿತ್ತು. ಅತ್ತೆ ಹಿಂದೆ ಸರಿದರು. ಎಣ್ಣೆ ತಿಕ್ಕುವವಳು ತೋಳು ಚಾಚಿದಳು. ಅವಳ ರಕ್ತ ಏಳೇ ನಿಮಿಷಕ್ಕೆ ಗಟ್ಟಿಯಾಯಿತು. ಬಾಣಂತಿಯ ರಕ್ತದೊಂದಿಗೆ ಬೆರೆಸಿದ್ದು ಮಾತ್ರ ಗಟ್ಟಿಯಾಗಲಿಲ್ಲ.

“ಬಾಣಂತಿ ರಕ್ತದಲ್ಲಿ ಏನೋ ಕಡಿಮೆಯಾಗಿದ್ರೆ ಎಣ್ಣೆಯವಳ ರಕ್ತ ತುಂಬಿಕೊಡ್ತಿತ್ತು ಸಿಸ್ಟರ್,” ಎಂದರು ಡಾಕ್ಟರು. “ಹೆಪ್ಪುಗಟ್ಟಿಸೋ ವಸ್ತುವನ್ನ ಬಾಣಂತಿ ಮೈಯೇ ಕೆಡಿಸ್ತಾ ಇದೆ. ತಿಕ್ಕಿದ್ದಕ್ಕೆ ಕಲೆ ಎದ್ದಿರಬಹುದು, ಕಾಯಿಲೆ ತಿಕ್ಕಿ ಬಂದದ್ದಲ್ಲ.”

ಹೆರಿಗೆಯ ನಂತರ ತೀರಾ ಅಪರೂಪಕ್ಕೆ ಹೀಗಾಗುತ್ತದಂತೆ. ಒಳಗೆಲ್ಲಾದರೂ ರಕ್ತನಾಳ ಒಡೆದರೆ ಜೀವಕ್ಕೇ ಅಪಾಯ. ಬಸ್ಸಿನ ಕುಲುಕಾಟಕ್ಕೆ ಹೆದರಿ ದೊಡ್ಡಾಸ್ಪತ್ರೆಗೆ ಕಳಿಸಲಿಲ್ಲ. ಮೈ ಹಾಗೆ ಕೆಡಿಸುವುದನ್ನು ತಡೆಯಲು ದಿನವೂ ಸ್ಟಿರಾಯ್ಡ್ ಮಾತ್ರೆ. ಎಣ್ಣೆ ತಿಕ್ಕುವುದು ಬಂದ್, ಇಂಜೆಕ್ಷನ್ ಬಂದ್.

“ಸೂಜಿ ಹಾಕ್ದೆ ಇದ್ರೆ ಅದೆಂತ ಆಸ್ಪತ್ರೆ?” ಎಂದು ಅತ್ತೆ ದಿನಾ ಗೊಣಗುತ್ತಿದ್ದರು.

ವಾರಕ್ಕೊಮ್ಮೆ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ, ನಳಿಗೆಯ ಪರೀಕ್ಷೆ; ಅದಕ್ಕೆ ಮಾತ್ರ ಸೂಜಿ. ಐದನೆಯ ವಾರ ವಾರ್ಡಿನವರೆಲ್ಲ ನನ್ನ ಜೊತೆ ನಿಮಿಷ ಎಣಿಸಿದರು. ಹನ್ನೊಂದನೆಯ ನಿಮಿಷಕ್ಕೆ ವಾಲಿಸಿದೆ. ರಕ್ತ ಕದಲಲಿಲ್ಲ. ಡಾಕ್ಟರು ನಳಿಗೆ ಕಸಿದುಕೊಂಡು, ತಮ್ಮದೇ ಬೋಳುತಲೆಯ ಮೇಲೆ ಮಗುಚಿ ಹಿಡಿದು ವಾರ್ಡಿಗೆಲ್ಲ ಒಂದು ಸುತ್ತು ಬಂದರು. ಒಂದು ಹನಿ ಬೀಳಲಿಲ್ಲ. ಕೆಲಸದ ವೇಳೆಯಲ್ಲಿ ಹಲ್ಲು ಕಾಣಿಸಬಾರದೆಂದು ಕಲಿತಿದ್ದ ನಾನು ಟೋಪಿ ಜಾರುವಷ್ಟು ನಕ್ಕೆ. ಬಾಣಂತಿ ನಗುತ್ತಲೇ ಅತ್ತಳು.

“ಇನ್ನು ತಿಕ್ಕಬಹುದಾ?” ಎಂದಳು ಅವತ್ತು ನೋಡಲು ಬಂದಿದ್ದ ಎಣ್ಣೆಯವಳು.

“ಇನ್ನೂ ಎರಡು ತಿಂಗಳು ಮುಟ್ಟಬೇಡ,” ಎಂದರು ಡಾಕ್ಟರು.

ಅತ್ತೆ ಬೆಂಚಿನ ಮೇಲೆ ಎಣ್ಣೆಯವಳತ್ತ ಬೆನ್ನು ತಿರುಗಿಸಿ ಕೂತರು. “ಅಲ್ಲೀವರೆಗೆ ನಂಗೇ ತಿಕ್ಕು ಮಾರಾಯ್ತಿ. ಐದು ವಾರ ಈ ಬೆಂಚಲ್ಲಿ ಕೂತು ಸೊಂಟ ಹೋಯ್ತು.”